ಬಿಳಾಮನ ಕತ್ತೆಯಿಂದ ಕ್ರೈಸ್ತರು ಏನು ಕಲಿಯಬಹುದು?

ಬೈಬಲಿನ ಅರಣ್ಯಕಾಂಡದ 22ನೆಯ ಅಧ್ಯಾಯದಲ್ಲಿ ಬರುವ ಈ ಕತ್ತೆ ಮಾತನಾಡಿತೆಂಬುದೇ ಹೆಚ್ಚು ಪ್ರಸಿದ್ಧವಾದರೂ, ಅದು ಮಾತನಾಡುವ ಮೊದಲು ಕಂಡದ್ದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಇಸ್ರಾಯೇಲರನ್ನು ಶಪಿಸಬೇಕೆಂದು ಮೋವಾಬಿನ ಅರಸನಾದ ಬಾಲಾಕನು ಕರೆಸಿದಾಗ ಹೊರಟ ಬಿಳಾಮನು ದರ್ಶನಗಳಿಗೆ ಹೆಸರಾದವನು. ಆದರೆ ಕತ್ತಿ ಹಿರಿದು ದಾರಿಯಲ್ಲಿ ನಿಂತಿದ್ದ ದೇವದೂತನನ್ನು ಕಂಡದ್ದು ಅವನಲ್ಲ, ಅವನ ಕತ್ತೆ. ಅದು ಮೊದಲು ಹೊಲಕ್ಕೆ ತಿರುಗಿತು, ಬಳಿಕ ಗೋಡೆಗೆ ಒತ್ತಿಕೊಂಡು ಅವನ ಕಾಲನ್ನು ಜಜ್ಜಿತು, ಕೊನೆಗೆ ಇಕ್ಕಟ್ಟಿನ ಜಾಗದಲ್ಲಿ ಮಲಗಿಬಿಟ್ಟಿತು. ಮೂರು ಸಲವೂ ಪೆಟ್ಟು ತಿಂದಿತು. ಕೈಯಲ್ಲಿ ಕತ್ತಿಯಿದ್ದರೆ ಕೊಂದೇಬಿಡುತ್ತಿದ್ದೆನೆಂದು ಅವನು ಗದರಿಸುವಾಗ, ಕತ್ತಿ ಅವನೆದುರಿಗೇ ಇತ್ತು ಎಂಬ ವ್ಯಂಗ್ಯವನ್ನು ಓದುಗರು ಗಮನಿಸಬೇಕು. ಕತ್ತೆಯು ಪಕ್ಕಕ್ಕೆ ತಿರುಗದಿದ್ದರೆ ನಿನ್ನನ್ನು ಕೊಂದು ಅದನ್ನು ಉಳಿಸುತ್ತಿದ್ದೆನೆಂದು ದೂತನೇ ಅನಂತರ ತಿಳಿಸುತ್ತಾನೆ. ಹಾಗಾಗಿ, ನಮ್ಮ ಯೋಜನೆಗೆ ಬಂದ ತಡೆಯನ್ನೆಲ್ಲ ಸೈತಾನನ ಕೆಲಸವೆಂದು ದೂಷಿಸುವ ಮುನ್ನ, ಅದು ನಮ್ಮನ್ನು ಕಾಯುತ್ತಿರುವ ದೇವರ ಕೃಪೆಯೇ ಆಗಿರಬಹುದೇ ಎಂದು ಪ್ರಾರ್ಥನೆಯಲ್ಲಿ ವಿಚಾರಿಸುವುದು ವಿಶ್ವಾಸಿಗೆ ತಕ್ಕದ್ದು. ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಪೇತ್ರನ ಎರಡನೆಯ ಪತ್ರಿಕೆಯು ಬಿಳಾಮನನ್ನು ಅನೀತಿಯ ಸಂಬಳವನ್ನು ಪ್ರೀತಿಸಿದವನೆಂದು ಕರೆಯುವುದರಿಂದ, ಅವನ ಕುರುಡುತನದ ಮೂಲವು ಅಜ್ಞಾನವಲ್ಲ, ಹಣದಾಸೆ ಎಂಬುದೂ ಸ್ಪಷ್ಟವಾಗುತ್ತದೆ.