ಪರದೆ ಮಸುಕಾದರೆ ಕಾರ್ಡೇ ಕೆಟ್ಟಿದೆಯೇ?

ಪ್ರಶ್ನೆ: ವಿಂಡೋಸ್ 10 ಇರುವ ನಮ್ಮ ಡೆಸ್ಕ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ) ಅಪ್‌ಡೇಟ್ ಆಗುತ್ತಿರುವಾಗಲೇ ಕರೆಂಟ್ ಹೋಯಿತು. ಅಂದಿನಿಂದ ಪರದೆಯ ಅಕ್ಷರಗಳು ದಪ್ಪವಾಗಿ, ಮಸುಕಾಗಿ ಕಾಣುತ್ತಿವೆ. ರೆಸಲ್ಯೂಷನ್ 1024×768ರಲ್ಲೇ ನಿಂತಿದ್ದು, ಬದಲಿಸಲು ಬರುತ್ತಿಲ್ಲ. ರಿಪೇರಿಯವರು ಗ್ರಾಫಿಕ್ಸ್ ಕಾರ್ಡನ್ನೇ ಬದಲಿಸಬೇಕೆನ್ನುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹೊಸ ಕಾರ್ಡಿಗೆ ಈಗಲೇ ಹಣ ಹಾಕಬೇಡಿ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ಡಿಸ್‌ಪ್ಲೇ ಅಡಾಪ್ಟರ್ಸ್’ ವಿಭಾಗದಲ್ಲಿ ನಿಮ್ಮ ಕಾರ್ಡಿನ ಹೆಸರಿನ ಬದಲು ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ, ಕಾರ್ಡಿನ ಸ್ವಂತ ಡ್ರೈವರ್ ಕೆಲಸ ಮಾಡದೆ, ವಿಂಡೋಸ್ ತನ್ನಲ್ಲಿರುವ ಸಾಮಾನ್ಯ ಡ್ರೈವರ್‌ನಿಂದಲೇ ಹೇಗೋ ಚಿತ್ರ ಮೂಡಿಸುತ್ತಿದೆ ಎಂದರ್ಥ.

ಮೊದಲು ಕಾರ್ಡ್ ತಯಾರಕರ ಅಧಿಕೃತ ತಾಣದಿಂದ ನಿಮ್ಮ ಮಾಡೆಲ್‌ಗೆ ಸರಿಹೊಂದುವ ಡ್ರೈವರ್ ಇಳಿಸಿಕೊಂಡು, ಆಮೇಲೆ ಇಂಟರ್‌ನೆಟ್ ಸಂಪರ್ಕ ತೆಗೆಯಿರಿ. ಇಲ್ಲವಾದರೆ ನಡುವೆ ವಿಂಡೋಸ್ ತಾನೇ ಬೇರೊಂದು ಡ್ರೈವರ್ ಹಾಕಿಬಿಡಬಹುದು. ಸೆಟ್ಟಿಂಗ್ಸ್‌ನ ‘ಆ್ಯಪ್ಸ್’ ಪಟ್ಟಿಯಲ್ಲಿ ಗ್ರಾಫಿಕ್ಸ್ ಡ್ರೈವರ್‌ನ ಹಳೆಯ ತುಣುಕುಗಳಿದ್ದರೆ ಅವನ್ನು ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಆದ ಬಳಿಕ ಹೊಸದನ್ನು ಹಾಕಿರಿ. ಈ ಸಲ ಯುಪಿಎಸ್ ಇದ್ದರೆ ಒಳಿತು, ಮಲೆನಾಡಿನ ಮಳೆಗಾಲದ ಕರೆಂಟನ್ನು ನಂಬುವಂತಿಲ್ಲ.

ಕಾರ್ಡೇ ಕೆಟ್ಟಿದೆಯೆಂಬ ಅನುಮಾನಕ್ಕೆ ಒಂದು ಸುಲಭ ಪರೀಕ್ಷೆಯಿದೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ, ವಿಂಡೋಸ್ ಶುರುವಾಗುವ ಮೊದಲೇ ಬರುವ ಬಯಾಸ್ (ಕಂಪ್ಯೂಟರಿನ ಮೂಲ ತಂತ್ರಾಂಶ) ಪರದೆಯಲ್ಲಿಯೂ ಗೆರೆಗಳು, ಬಣ್ಣದ ಚೌಕಗಳು ಕಂಡರೆ ದೋಷ ಡ್ರೈವರ್‌ನದಲ್ಲ, ಏಕೆಂದರೆ ಆ ಹೊತ್ತಿಗೆ ಅದಿನ್ನೂ ಲೋಡ್ ಆಗಿರುವುದಿಲ್ಲ. ಆಗ ಕೇಬಲ್ ಮತ್ತು ಮಾನಿಟರ್ ಬದಲಿಸಿ ನೋಡಿ, ಆಮೇಲಷ್ಟೇ ಕಾರ್ಡಿನ ಮಾತು.