ಪುಣೆಯಿಂದ ಹುಬ್ಬಳ್ಳಿಗೆ ಆಗಾಗ ಕಾರಿನಲ್ಲಿ ಹೋಗುತ್ತೇವೆ. ಟೈರ್ ವಿಷಯದಲ್ಲಿ ಏನೇನು ನೋಡಿಕೊಳ್ಳಬೇಕು?

ಮೊದಲು ಗಾಳಿ. ಮುಕ್ಕಾಲು ಪಾಲು ಕೆಲಸ ಅದೇ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಚೆಕ್ ಮಾಡಿಸಿ. ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಬೇಕೆಂಬುದು ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರ್‌ನಲ್ಲಿ ಇಲ್ಲವೇ ಪೆಟ್ರೋಲ್ ಮುಚ್ಚಳದ ಒಳಗಿರುತ್ತದೆ. ಮನೆಮಂದಿ, ಲಗೇಜು ತುಂಬಿದಾಗ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಬಂಕಿನವ ‘ಕಿತಿ ಭರೂ?’ (ಎಷ್ಟು ತುಂಬಲಿ?) ಎಂದಾಗ ಅಂದಾಜಿಗೊಂದು ಹೇಳುವ ಚಾಳಿ ನನಗೂ ಇತ್ತು.

ಗಾಳಿ ಕಮ್ಮಿಯಿದ್ದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಕಾಯುತ್ತದೆ. ಬೇಸಿಗೆಯಲ್ಲಿ ಖಂಬಾಟ್ಕಿ ಘಾಟ್ ದಾಟಿ ಸಾತಾರಾ ಕಡೆ ನೂರರ ವೇಗದಲ್ಲಿ ಹೊರಟಾಗ ಅದು ಸಿಡಿಯುವುದು ಹೀಗೇ. ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಓಡಿ ಬಿಸಿಯಾದ ಟೈರನ್ನು ದಾರಿಯಲ್ಲಿ ಅಳೆದರೆ ಮೂರ್ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಗಾಬರಿಬಿದ್ದು ಗಾಳಿ ಬಿಡಬೇಡಿ.

ಸವೆತವನ್ನೂ ಓದಲು ಕಲಿಯಿರಿ. ಎರಡೂ ಅಂಚು ಸವೆದರೆ ಗಾಳಿ ಕಮ್ಮಿ, ನಡುವೆ ಸವೆದರೆ ಜಾಸ್ತಿ, ಒಂದೇ ಬದಿ ಸವೆದರೆ ಸಾಮಾನ್ಯವಾಗಿ ಅಲೈನ್‌ಮೆಂಟ್ (ಚಕ್ರಗಳ ನೇರ ಜೋಡಣೆ) ಕೆಟ್ಟಿದೆ. ಮಳೆಗಾಲದಲ್ಲಿ ಪುಣೆಯ ಗುಂಡಿಗಳಿಗೆ ಅದು ಕೆಡದಿದ್ದರೇ ಆಶ್ಚರ್ಯ! ಗಾಡಿಯ ಪುಸ್ತಕದಲ್ಲಿ ಬೇರೆ ಹೇಳದಿದ್ದರೆ 10,000 ಕಿ.ಮೀ.ಗೊಮ್ಮೆ ಹಿಂದಿನ-ಮುಂದಿನ ಟೈರ್ ಅದಲುಬದಲು ಮಾಡಿಸಿ. ಗೀರುಗಳ ಆಳ 1.6 ಮಿ.ಮೀ.ಗೆ ಇಳಿದರೆ ಅವುಗಳ ನಡುವಿನ ಪುಟ್ಟ ದಿಂಡುಗಳು ಟೈರಿನ ಮೇಲ್ಮೈ ಮಟ್ಟಕ್ಕೆ ಬಂದಿರುತ್ತವೆ; ಆಗ ಟೈರ್ ಬದಲಿಸಲೇಬೇಕು. ನಾನಂತೂ ಜೂನ್ ಮಳೆಗೆ ಮುಂಚೆ, 3 ಮಿ.ಮೀ. ಇರುವಾಗಲೇ ಬದಲಿಸುತ್ತೇನೆ.

ಹೊಸದು ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ: 2324 ಎಂದರೆ 2024ರ 23ನೇ ವಾರ ತಯಾರಾದದ್ದು.

ಹಾಂ, ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಗಾಳಿ ಹಾಕಿಸಿ.