ಓದುಗರ ಪ್ರಶ್ನೆ: ಪಾಠಕ್ಕೆ ಒದಗುವ ಕೋಟೆ, ಬಸದಿ, ಕಡಂಗ

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮಕ್ಕಳನ್ನು ಪ್ರತಿ ವರ್ಷವೂ ಮಡಿಕೇರಿ ಕೋಟೆಗೆ ಕರೆದೊಯ್ಯುತ್ತೇವೆ. ಅವರು ಫೋಟೊ ತೆಗೆಸಿಕೊಂಡು ಮರಳುತ್ತಾರೆಯೇ ಹೊರತು ಸಮಾಜ ವಿಜ್ಞಾನದ ಕಲಿಕೆಗೆ ಅದರಿಂದ ಪ್ರಯೋಜನವಾದಂತೆ ಕಾಣುವುದಿಲ್ಲ. ಏನು ಮಾಡಬಹುದು?
– ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಕೋಟೆಯ ಚರಿತ್ರೆಯನ್ನೆಲ್ಲ ಅಲ್ಲಿಯೇ ನಿಂತು ಹೇಳಿ ಮುಗಿಸುವ ಬದಲು, ಹೊರಡುವ ಮುನ್ನ ತರಗತಿಯಲ್ಲಿ ಒಂದೇ ಒಂದು ಪ್ರಶ್ನೆ ಕೊಡಿ: ಅರಸರ ಕೋಟೆಯೊಳಗೆ ಇಗರ್ಜಿ ಏಕೆ ಬಂತು? ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಟಿಪ್ಪು ಸುಲ್ತಾನ್ ಕಲ್ಲಿನಲ್ಲಿ ಕಟ್ಟಿಸಿದ. 1790ರಲ್ಲಿ ಅದು ಹಾಲೇರಿ ವಂಶದವನೇ ಆದ ದೊಡ್ಡವೀರರಾಜೇಂದ್ರನ ವಶವಾಯಿತು. 1834ರಲ್ಲಿ ಕೊಡಗು ಬ್ರಿಟಿಷರ ಪಾಲಾದ ಮೇಲೆ, 1855ರಲ್ಲಿ, ಈಗ ವಸ್ತುಸಂಗ್ರಹಾಲಯವಾಗಿರುವ ಆ ಇಗರ್ಜಿ ಎದ್ದಿತು. ಈ ಸರಣಿಯನ್ನು ಮಕ್ಕಳೇ ಗೋಡೆ, ಕಿಟಕಿ, ಫಲಕಗಳನ್ನು ನೋಡಿ ಜೋಡಿಸಲಿ. ಬ್ರಿಟಿಷರ ವಿರುದ್ಧ 1837ರಲ್ಲಿ ನಡೆದ ದಂಗೆಯ ನಾಯಕ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದ್ದೂ ಮಡಿಕೇರಿಯಲ್ಲಿಯೇ ಎಂದು ತಿಳಿದಾಗ, 1857ರ ಪಾಠವನ್ನು ಅವರು ಬೇರೆ ಕಣ್ಣಿನಿಂದ ಓದುತ್ತಾರೆ.

ಆದರೆ ನಿಮ್ಮ ತಾಲ್ಲೂಕಿನವರು ಮೊದಲು ಹೋಗಬೇಕಾದದ್ದು ಶನಿವಾರಸಂತೆ ಸಮೀಪದ ಮುಳ್ಳೂರಿಗೆ ಎಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಿನ ಜೈನ ಬಸದಿಗಳು ಹನ್ನೊಂದನೆಯ ಶತಮಾನದ ಕೊಂಗಾಳ್ವರ ಕಾಲದವು. ತಂದೆ ಕಟ್ಟಿಸಿದ ಬಸದಿಗೆ ರಾಜೇಂದ್ರ ಕೊಂಗಾಳ್ವ ಭೂಮಿ ಬಿಟ್ಟುದನ್ನು 1058ರ ಶಾಸನ ಹೇಳುತ್ತದೆ. ಕೊಡಗಿನ ಅಂಚಿನ ಒಬ್ಬ ಅರಸನಿಗೆ ತಂಜಾವೂರಿನ ಚೋಳ ದೊರೆಯ ಹೆಸರು ಹೇಗೆ ಬಂತು? ಈ ಪ್ರಶ್ನೆಯ ಬೆನ್ನು ಹತ್ತಿದ ವಿದ್ಯಾರ್ಥಿಗೆ, ಚೋಳರಿಗೆ ಅಧೀನರಾಗಿದ್ದ ಸಾಮಂತರು, ದಾನದ ಭೂಮಿ, ಅರಸರ ಆಶ್ರಯ ಪಡೆದ ಜೈನ ಧರ್ಮ, ಇವೆಲ್ಲ ಬೇರೆ ಬೇರೆ ಅಧ್ಯಾಯಗಳಾಗಿ ಉಳಿಯದೆ ತನ್ನ ಊರಿನ ಸಂಗತಿಗಳಾಗುತ್ತವೆ.

ಬಸ್ಸಿನ ಖರ್ಚು ಭರಿಸಲಾಗದ ಶಾಲೆಗಳು ನಿರಾಶೆಪಡಬೇಕಾಗಿಲ್ಲ. ಕಾಫಿ ತೋಟಗಳ ನಡುವೆ ಇಂದಿಗೂ ಉಳಿದಿರುವ ಕಡಂಗದ, ಅಂದರೆ ಹಿಂದೆ ರಕ್ಷಣೆಗಾಗಿ ತೋಡಿದ ಕಂದಕದ, ಆಳವನ್ನು ಹಗ್ಗದಿಂದ ಅಳೆದು, ಅದು ಸಾಗುವ ದಿಕ್ಕನ್ನು ನಕಾಶೆಯಲ್ಲಿ ಗುರುತಿಸುವುದು ಭೂಗೋಳದ ಪಾಠವೂ ಹೌದು. ತೋಟದ ಮಾಲೀಕರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಮಳೆಗಾಲದಲ್ಲಿ ಮಾತ್ರ ಬೇಡ. ಊರಿನ ಹಿರಿಯರು ಹೇಳುವ ಕಥೆಗಳನ್ನೂ ಮಕ್ಕಳು ಬರೆದುಕೊಳ್ಳಲಿ, ಆದರೆ ಯಾರಿಂದ ಕೇಳಿದ್ದೆಂದು ಪಕ್ಕದಲ್ಲಿ ನಮೂದಿಸಲಿ. ಟಿಪ್ಪುವಿನ ಕಾಲದ ಬಗ್ಗೆ ಮನೆಗಳಲ್ಲಿ ಭಿನ್ನ ಮಾತುಗಳಿರುವ ನಮ್ಮ ಜಿಲ್ಲೆಯಲ್ಲಿ ಈ ಅಭ್ಯಾಸ ಅತ್ಯಗತ್ಯ.

ಮರಳಿದ ಮೇಲೆ ಪ್ರವಾಸದ ಪ್ರಬಂಧ ಬರೆಸಬೇಡಿ. ಕಣ್ಣಾರೆ ಕಂಡದ್ದು, ಅದರಿಂದ ಊಹಿಸಿದ್ದು, ಇನ್ನೂ ಕೇಳಬೇಕಾದದ್ದು ಎಂದು ಮೂರು ಭಾಗ ಮಾಡಿ ಬರೆಸಿ, ಅದಕ್ಕೇ ಆಂತರಿಕ ಮೌಲ್ಯಮಾಪನದ ಅಂಕ ಕೊಡಿ.